ಹಳೇ ವೈರಿಂಗ್‌ಗೆ ಹೊಸ ಎಸಿ: ಪ್ಲಗ್ ಹಾಕೋ ಮುಂಚೆ ಗೋಡೆ ಒಳಗೆ ಏನಿದೆ ತಿಳ್ಕೊಳ್ಳಿ

ದಾವಣಗೆರೆಯಲ್ಲಿರೋ ನಮ್ಮ ಮನೆ ಕಟ್ಟಿದ್ದು 1991ರಲ್ಲಿ, ಆಗ ಮನೇಲಿ ಇದ್ದ ದೊಡ್ಡ ಕರೆಂಟ್ ಸಾಮಾನು ಅಂದ್ರೆ ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಮಿಕ್ಸಿ, ಅಷ್ಟೇ. ಅಮ್ಮಂಗೆ ಆಪರೇಷನ್ ಆಗಿ ಮನೆಗೆ ಬಂದಾಗ ಏಪ್ರಿಲ್ ತಿಂಗಳು, ಫ್ಯಾನ್ ತಿರುಗಿದ್ರೂ ಬಿಸಿ ಗಾಳಿನೇ ಬರ್ತಿತ್ತು, ಅದಕ್ಕೆ ಒಂದೂವರೆ ಟನ್ ಎಸಿ ತಂದ್ವಿ. ಫಿಟ್ ಮಾಡೋಕೆ ಬಂದ ಹುಡುಗ ಬೀರು ಪಕ್ಕದಲ್ಲಿದ್ದ ದೊಡ್ಡ ಪ್ಲಗ್ ಪಾಯಿಂಟ್ ನೋಡಿ "ಹದಿನಾರು ಆಂಪ್ಸ್ ಇದೆಯಲ್ಲ ಸರ್, ಸಾಕು" ಅಂದ, ಪ್ಲಗ್ ಹಾಕಿದ, ತಣ್ಣಗೆ ಗಾಳಿ ಬಂತು, ಎಲ್ಲರಿಗೂ ಖುಷಿ. ಹನ್ನೆರಡನೇ ರಾತ್ರಿ ಮೂರು ಗಂಟೆಗೆ ಅಮ್ಮ ಎಬ್ಬಿಸಿದ್ಲು, "ಏನೋ ಸುಟ್ಟ ವಾಸನೆ ಕಣೋ, ಎದ್ದು ನೋಡು" ಅಂತ. ನೋಡಿದ್ರೆ ಸಾಕೆಟ್ ಹತ್ರ ಕೈ ಇಡೋಕಾಗದಷ್ಟು ಕಾವು, ಬಿಳಿ ಪ್ಲೇಟ್ ಕಂದು ಬಣ್ಣಕ್ಕೆ ತಿರುಗಿತ್ತು. ಕರೆಂಟ್ ಹೆಚ್ಚಾದ್ರೆ ತಾನಾಗೇ ಲೈನ್ ಕಡಿಯೋ ಸ್ವಿಚ್ಚು, ಅಂದ್ರೆ ಎಂಸಿಬಿ, ಮಾತ್ರ ಟ್ರಿಪ್ ಆಗಿರಲಿಲ್ಲ, ಎಸಿ ಆರಾಮಾಗಿ ಓಡ್ತಾನೇ ಇತ್ತು.

ಬೆಳಿಗ್ಗೆ ನಮ್ಮ ಬೀದಿಯ ಹಳೇ ಎಲೆಕ್ಟ್ರಿಷಿಯನ್ ಬಂದ್ರು, ನಮ್ಮನೆಗೆ ಮೊದಲು ವೈರಿಂಗ್ ಮಾಡಿದವರೇ ಅವರು. ಮೇನ್ ಆಫ್ ಮಾಡಿ ಪ್ಲೇಟ್ ಬಿಚ್ಚಿ ನೋಡಿ, "ಇದು ಇಸ್ತ್ರಿಗೆ ಅಂತ ಹಾಕಿದ್ದು ತಮ್ಮಾ, ನಾನೇ ಎಳೆದ ವೈರು, ಆಗ ಎಸಿ ಎಲ್ಲಿತ್ತು" ಅಂದ್ರು. ಒಳಗಿದ್ದಿದ್ದು 3/22 ಅನ್ನೋ ಹಳೇ ಅಳತೆಯ ತೆಳು ವೈರು, ಅದೂ ಹಾಲಿನ ಟಿವಿ ಬೋರ್ಡಿಂದ ಲೂಪ್ ಮಾಡ್ಕೊಂಡು ಬಂದಿದ್ದು. ಮುಂದೆ ಕಾಣೋ 16 ಆಂಪ್ಸ್ ಸಾಕೆಟ್ಟು ಯಾವಾಗಲೋ ಪೇಂಟ್ ಮಾಡಿಸಿದಾಗ ಚಂದ ಕಾಣ್ಲಿ ಅಂತ ಬೋರ್ಡ್‌ಗಳ ಜೊತೆ ಬದಲಾಯಿಸಿದ್ದು.

ಆವತ್ತಿಂದ ನನ್ನ ತಲೇಲಿ ಎರಡೇ ಪ್ರಶ್ನೆ. ಎಸಿ ಎಳೆಯೋದು ಹೆಚ್ಚೂಕಮ್ಮಿ 8 ಆಂಪ್ಸ್, ಸಾಕೆಟ್ ಮೇಲೆ ಬರೆದಿರೋದು 16, ಹಾಗಿದ್ರೆ ಯಾಕೆ ಸುಡ್ತು? ಸುಟ್ಟ ಮೇಲೂ ಎಂಸಿಬಿ ಯಾಕೆ ಸುಮ್ನಿತ್ತು? ಈ ಎರಡಕ್ಕೆ ಉತ್ತರ ಗೊತ್ತಾದ್ರೆ ಮನೆಯ ಹಳೇ ವೈರಿಂಗ್ ಮೇಲೆ ಎಸಿ ಹಾಕಬಹುದಾ ಬೇಡವಾ ಅನ್ನೋದು ಮುಕ್ಕಾಲು ಪಾಲು ತಿಳಿದಂಗೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಮೊದಲು ಟನ್ ಅಂದ್ರೇನು ಅನ್ನೋದು ಬಗೆಹರಿಲಿ, ಯಾಕಂದ್ರೆ ತುಂಬಾ ಜನ ಒಂದೂವರೆ ಟನ್ ಅನ್ನೋದು ಎಸಿ ತೂಕ ಅಂತಲೋ ಕರೆಂಟ್ ಲೆಕ್ಕ ಅಂತಲೋ ಅಂದ್ಕೊಂಡಿರ್ತಾರೆ. ಹಿಂದೆ ಐಸ್ ಗಡ್ಡೆ ಇಟ್ಟು ತಂಪು ಮಾಡ್ತಿದ್ದ ಕಾಲದ ಅಳತೆ ಅದು. ಅಮೆರಿಕದ ಒಂದು ಟನ್ ಅಂದ್ರೆ 900 ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟು ಐಸು 24 ಗಂಟೇಲಿ ಕರಗೋಕೆ ಎಷ್ಟು ಶಾಖ ಹೀರ್ಕೊಳ್ಳುತ್ತೋ ಅದೇ ಒಂದು ಟನ್, ಈಗಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ಹಾಗಾಗಿ ಒಂದೂವರೆ ಟನ್ ಎಸಿ ರೂಮಿಂದ ಸುಮಾರು 5 ಕಿಲೋವ್ಯಾಟ್ ಶಾಖ ಹೊರಗೆ ಸಾಗಿಸುತ್ತೆ. ಆದ್ರೆ ಅದು ಶಾಖ ಹುಟ್ಟಿಸೋ ಮಷೀನ್ ಅಲ್ಲ, ಇಲ್ಲಿಂದ ಎತ್ತಿ ಅಲ್ಲಿ ಹಾಕೋ ಮಷೀನು, ಬಾವಿಯಿಂದ ನೀರೆತ್ತೋ ಪಂಪ್ ಇದ್ದಂಗೆ, ಅದಕ್ಕೆ ಕರೆಂಟ್ ಬೇಕಾಗೋದು ಮೂರನೇ ಒಂದು ಭಾಗದ ಆಸುಪಾಸು, ಅಂದ್ರೆ ಒಂದೂವರೆ ಕಿಲೋವ್ಯಾಟ್ ಹತ್ತಿರ. ನಮ್ಮ ಮನೆಗಳಿಗೆ ಬರೋ 230 ವೋಲ್ಟ್‌ನಿಂದ ಭಾಗಿಸಿದ್ರೆ ಆರೂವರೆ ಏಳು ಆಂಪ್ಸ್. ಇನ್ವರ್ಟರ್ ಎಸಿ, ಅಂದ್ರೆ ಬೇಕಾದಂಗೆ ಕಂಪ್ರೆಸರ್ ವೇಗ ಹೆಚ್ಚು ಕಮ್ಮಿ ಮಾಡ್ಕೊಳ್ಳೋ ಎಸಿ ಆದ್ರೆ, ಬಿರುಬಿಸಿಲಲ್ಲಿ ಶುರು ಮಾಡಿದಾಗ ಇದಕ್ಕಿಂತ ಜಾಸ್ತಿ ಎಳೆದು, 9-10 ಆಂಪ್ಸ್‌ವರೆಗೂ ಹೋಗಿ, ರೂಮ್ ತಣ್ಣಗಾದ ಮೇಲೆ ಮೂರಕ್ಕೋ ನಾಲ್ಕಕ್ಕೋ ಇಳಿಯುತ್ತೆ. ಔಟ್‌ಡೋರ್ ಯೂನಿಟ್ ಪಕ್ಕ ಅಂಟಿಸಿರೋ ಲೇಬಲ್ ಮೇಲೆ ಮ್ಯಾಕ್ಸಿಮಮ್ ಕರೆಂಟ್ ಅಂತ ಒಂದು ಅಂಕಿ ಇರುತ್ತೆ, ವೈರಿಂಗ್‌ಗೆ ಬೇಕಾಗಿರೋದು ಆ ಅಂಕಿ, ಅಂಗಡಿಯವರು ಹೇಳೋ ಆವರೇಜ್ ಅಲ್ಲ.

ಈಗ ಒಂದು ಮಾತು ಕೇಳಿ, ಗೀಸರ್ ಇದಕ್ಕಿಂತ ಹೆಚ್ಚೇ ಎಳೆಯುತ್ತೆ, 2000 ವ್ಯಾಟ್ ಗೀಸರ್ ಅಂದ್ರೆ ಸುಮಾರು ಎಂಟೂಮುಕ್ಕಾಲು ಆಂಪ್ಸ್. ಆದ್ರೆ ಗೀಸರ್ ಓಡೋದು ಹದಿನೈದು ಇಪ್ಪತ್ತು ನಿಮಿಷ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಅದರಲ್ಲೂ ಥರ್ಮೋಸ್ಟಾಟ್ ಇರೋದ್ರಿಂದ ಆನ್ ಆಫ್ ಆಗ್ತಾ ಇರುತ್ತೆ. ಮಿಕ್ಸಿ ಚಟ್ನಿ ರುಬ್ಬೋವರೆಗೆ. ವೈರು, ಸಾಕೆಟ್ಟು, ಜಾಯಿಂಟು, ಇವೆಲ್ಲಾ ಸ್ವಲ್ಪ ಕಾಯ್ತವೆ, ಆಮೇಲೆ ತಣಿಯೋಕೆ ಟೈಮ್ ಸಿಗುತ್ತೆ, ಹೀಗೇ ಮೂವತ್ತು ವರ್ಷ ನಡ್ಕೊಂಡು ಬಂದಿರುತ್ತೆ. ಎಸಿ ಹಾಗಲ್ಲ. ರಾತ್ರಿ ಹತ್ತಕ್ಕೆ ಹಾಕಿದ್ರೆ ಬೆಳಿಗ್ಗೆ ಆರರವರೆಗೆ, ಎಂಟು ಗಂಟೆ, ಬಾಗಿಲು ಮುಚ್ಚಿರುತ್ತೆ, ಎಲ್ಲರೂ ನಿದ್ದೇಲಿರ್ತಾರೆ, ಆ ಸಾಕೆಟ್ಟು ಬೀರು ಹಿಂದೆನೋ ಪರದೆ ಹಿಂದೆನೋ ಇರುತ್ತೆ. ಎಸಿ ಎಷ್ಟು ಎಳೆಯುತ್ತೆ ಅನ್ನೋದಕ್ಕಿಂತ ನನಗೆ ಭಯ ಆಗೋದು ಎಷ್ಟು ಹೊತ್ತು ಎಳೆಯುತ್ತೆ, ಯಾರೂ ನೋಡದೆ ಇರೋ ಹೊತ್ತಲ್ಲಿ ಎಳೆಯುತ್ತೆ ಅನ್ನೋದು.

ಇನ್ನು ಕಾವು ಎಲ್ಲಿ ಹುಟ್ಟುತ್ತೆ ನೋಡಣ. ಯಾವ ವೈರಿಗೂ ಸ್ವಲ್ಪ ರೆಸಿಸ್ಟೆನ್ಸ್ ಇದ್ದೇ ಇರುತ್ತೆ, ಕರೆಂಟನ್ನ ಅದರಿಂದಲೇ ಗುಣಿಸಿ, ಬಂದಿದ್ದನ್ನ ರೆಸಿಸ್ಟೆನ್ಸ್‌ನಿಂದ ಮತ್ತೆ ಗುಣಿಸಿದ್ರೆ ಎಷ್ಟು ವ್ಯಾಟ್ ಕಾವಾಗಿ ಹೋಗುತ್ತೆ ಅಂತ ಸಿಗುತ್ತೆ. ಡಿಬಿಯಿಂದ, ಅಂದ್ರೆ ಎಂಸಿಬಿಗಳೆಲ್ಲಾ ಇರೋ ಡಬ್ಬಿಯಿಂದ, ರೂಮಿಗೆ ಗೋಡೆ ಹತ್ತಿ ಸೂರು ಸುತ್ತಿ ಇಳಿಯೋವಷ್ಟರಲ್ಲಿ 15 ಮೀಟರ್ ಅಂತ ಇಟ್ಕೊಳ್ಳಿ, ಹೋಗಿ ಬರೋಕೆ ಅಂದ್ರೆ ಫೇಸ್ ನ್ಯೂಟ್ರಲ್ ಸೇರಿ 30 ಮೀಟರ್. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರಲ್ಲಿ ಅದು ಸುಮಾರು 0.4 ಓಮ್, ನಾಲ್ಕು ಸ್ಕ್ವೇರ್ ಎಂಎಂ ವೈರಲ್ಲಿ 0.15 ಓಮ್. 8 ಆಂಪ್ಸ್ ಹರಿದ್ರೆ ಮೊದಲನೇದರಲ್ಲಿ ಸುಮಾರು 25 ವ್ಯಾಟ್ ಕಾವು, ಎರಡನೇದರಲ್ಲಿ ಹತ್ತಕ್ಕಿಂತ ಕಡಿಮೆ. ನಿಜ ಹೇಳ್ಬೇಕಂದ್ರೆ 25 ವ್ಯಾಟ್ ಮೂವತ್ತು ಮೀಟರ್ ಉದ್ದಕ್ಕೆ ಹಂಚಿ ಹೋದ್ರೆ ವೈರೇನೂ ಕರಗಲ್ಲ. ಹಾಗಾಗಿ "ಒಂದೂವರೆ ವೈರು ಸಾಕು" ಅನ್ನೋರ ಮಾತು ಪೇಪರ್ ಮೇಲೆ ಅರ್ಧ ಸರಿ ಅನ್ಸುತ್ತೆ. ಆದ್ರೆ ಆ ವೈರು ಒಂಟಿಯಾಗಿ ಗಾಳೀಲಿ ತೂಗಾಡ್ತಿಲ್ಲ, ಮುಕ್ಕಾಲು ಇಂಚಿನ ಪೈಪಲ್ಲಿ ಇನ್ನೂ ಆರೇಳು ವೈರುಗಳ ಜೊತೆ ತುರುಕಿದೆ, ಆ ಪೈಪು ಆರ್‌ಸಿಸಿ ಸೂರಿನ ಒಳಗಿದೆ, ಆ ಸೂರು ದಿನವೆಲ್ಲಾ ಬಿಸಿಲಲ್ಲಿ ಕಾದು ರಾತ್ರಿ ಹನ್ನೊಂದಾದ್ರೂ ತಣ್ಣಗಾಗಿರಲ್ಲ. ಸಾಮಾನ್ಯ ಪಿವಿಸಿ ವೈರಿನ ಒಳಗಿನ ತಾಮ್ರ 70 ಡಿಗ್ರಿ ದಾಟಬಾರದು ಅನ್ನೋ ಲೆಕ್ಕದಲ್ಲೇ ಅದರ ಆಂಪ್ಸ್ ರೇಟಿಂಗ್ ಕೊಟ್ಟಿರ್ತಾರೆ, ಸುತ್ತಮುತ್ತ ಮೊದಲೇ ನಲವತ್ತರ ಮೇಲಿದ್ರೆ ಉಳಿಯೋ ಜಾಗ ಎಷ್ಟು? ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಬೆಂಗಳೂರಲ್ಲೂ 2024ರ ಏಪ್ರಿಲ್‌ನಲ್ಲಿ 38 ಡಿಗ್ರಿ ದಾಟಿತ್ತು. ಎಸಿ ಜಾಸ್ತಿ ಎಳೆಯೋ ದಿನಾನೇ ವೈರಿನ ತಾಕತ್ತು ಕಮ್ಮಿ ಆಗೋ ದಿನ.

ಆದ್ರೂ ನಮ್ಮನೇಲಿ ಸುಟ್ಟಿದ್ದು ವೈರಿನ ಮಧ್ಯ ಅಲ್ಲ, ಸಾಕೆಟ್ ಹತ್ರ. ಮೊದಲ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ. ಸ್ಕ್ರೂ ಸ್ವಲ್ಪ ಸಡಿಲ ಆಗಿದ್ರೆ, ಸಾಕೆಟ್ ಒಳಗಿನ ಹಿತ್ತಾಳೆ ಪಟ್ಟಿ ಹಳೇದಾಗಿ ಪ್ಲಗ್‌ನ ಪಿನ್ನನ್ನ ಬಿಗಿಯಾಗಿ ಹಿಡೀದೆ ಇದ್ರೆ, ಆ ಒಂದು ಚುಕ್ಕೆ ಜಾಗದಲ್ಲೇ ಅರ್ಧ ಓಮ್ ರೆಸಿಸ್ಟೆನ್ಸ್ ಬಂದುಬಿಡುತ್ತೆ ಅಂತ ಇಟ್ಕೊಳ್ಳಿ. ಎಂಟೆಂಟ್ಲ ಅರವತ್ನಾಕು, ಅದರಲ್ಲಿ ಅರ್ಧ ಅಂದ್ರೆ 32 ವ್ಯಾಟ್. ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡೀಲಿ ಬೆಸುಗೆ ಹಾಕೋ ಐರನ್ ನೋಡಿರ್ತೀರಲ್ಲ, ಅದು 25 ವ್ಯಾಟಿನದು, ಅಷ್ಟರಲ್ಲೇ ಸೀಸ ಕರಗಿ ನೀರಾಗುತ್ತೆ. ಅದಕ್ಕಿಂತ ಜಾಸ್ತಿ ಕಾವು ನಿಮ್ಮ ಗೋಡೆಯ ಪ್ಲಾಸ್ಟಿಕ್ ಡಬ್ಬಿ ಒಳಗೆ ಎಂಟು ಗಂಟೆ ಉರೀತಾ ಇರುತ್ತೆ. ಕಾದಾಗ ಲೋಹ ಹಿಗ್ಗುತ್ತೆ, ಬೆಳಿಗ್ಗೆ ತಣಿದಾಗ ಕುಗ್ಗುತ್ತೆ, ಸ್ಕ್ರೂ ಇನ್ನೂ ಸಡಿಲ ಆಗುತ್ತೆ, ಮಾರನೇ ರಾತ್ರಿ ಇನ್ನೂ ಜಾಸ್ತಿ ಕಾಯುತ್ತೆ, ಅದಕ್ಕೇ ಮೊದಲ ದಿನ ಏನೂ ಆಗದೆ ಹನ್ನೆರಡನೇ ದಿನ ಸುಟ್ಟಿದ್ದು. ಸಾಕೆಟ್ ಮೇಲೆ 16 ಅಂತ ಬರೆದಿರೋದು ಹೊಸದಾಗಿದ್ದು, ಸರಿಯಾದ ವೈರು ಹಾಕಿ, ಬಿಗಿ ಮಾಡಿದ್ದರೆ ಅನ್ನೋ ಷರತ್ತಿನ ಮೇಲೆ. ಹಿಂದೆ ಬರೋ ವೈರು ಎಂಥದ್ದು ಅಂತ ಆ ಅಂಕಿ ಹೇಳೋದೇ ಇಲ್ಲ.

ಎರಡನೇ ಪ್ರಶ್ನೆ, ಎಂಸಿಬಿ ಯಾಕೆ ಸುಮ್ನಿತ್ತು. ಎಂಸಿಬಿ ನೋಡೋದು ಎಷ್ಟು ಆಂಪ್ಸ್ ಹರೀತಿದೆ ಅಂತ ಮಾತ್ರ, ಎಲ್ಲಿ ಕಾಯ್ತಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಸಾಕೆಟ್ ಸುಡ್ತಿದ್ರೂ ಹರೀತಿದ್ದಿದ್ದು 8 ಆಂಪ್ಸೇ, ಅದರ ಕಣ್ಣಿಗೆ ಎಲ್ಲಾ ಸರಿಯಾಗೇ ಇತ್ತು. ಇನ್ನೊಂದು ವಿಷ್ಯ, 16 ಆಂಪ್ಸ್ ಎಂಸಿಬಿ ಅಂದ್ರೆ 16 ದಾಟಿದ ತಕ್ಷಣ ಟ್ರಿಪ್ ಆಗುತ್ತೆ ಅಂತ ನಾವು ಅಂದ್ಕೋತೀವಿ, ಹಾಗಿಲ್ಲ. ಅದರ ಸ್ಟ್ಯಾಂಡರ್ಡ್ ಪ್ರಕಾರ ಬರೆದಿರೋದರ 1.13 ಪಟ್ಟು, ಅಂದ್ರೆ 18 ಆಂಪ್ಸ್, ಒಂದು ಗಂಟೆ ಹರಿದ್ರೂ ಟ್ರಿಪ್ ಆಗಬಾರದು, 1.45 ಪಟ್ಟು ಅಂದ್ರೆ 23 ಆಂಪ್ಸ್ ಹರಿದ್ರೆ ಒಂದು ಗಂಟೆ ಒಳಗೆ ಯಾವಾಗಲಾದ್ರೂ ಟ್ರಿಪ್ ಆಗಬೇಕು, ಅಷ್ಟೇ. ಮಧ್ಯದಲ್ಲಿ ತೆಳು ವೈರು ತನ್ನ ಪಾಡಿಗೆ ಕಾಯ್ತಾ ಇರುತ್ತೆ. ಎಂಸಿಬಿ ಇರೋದು ವೈರಿನ ಕಾವಲಿಗೆ, ಎಸಿ ಕಾವಲಿಗಲ್ಲ, ಹಾಗಾಗಿ ವೈರು ಎಷ್ಟು ತಡ್ಕೊಳ್ಳುತ್ತೋ ಅದಕ್ಕೆ ಹೊಂದೋ ಎಂಸಿಬಿ ಹಾಕಬೇಕು. ಎಸಿ ಹಾಕಿದ ಮೇಲೆ ಪದೇಪದೇ ಟ್ರಿಪ್ ಆಗ್ತಿದೆ ಅಂತ 16 ತೆಗೆದು 32 ಹಾಕಿಸ್ತಾರಲ್ಲ, ದಯವಿಟ್ಟು ಹಾಗೆ ಮಾಡಿಸ್ಬೇಡಿ. ಕಾವಲುಗಾರ ಪದೇಪದೇ ಕೂಗ್ತಾನೆ ಅಂತ ಕಿವುಡನ್ನ ಕೆಲಸಕ್ಕೆ ಇಟ್ಕೊಂಡಂಗೆ ಅದು. ಹಳೇ ಪಿಂಗಾಣಿ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತಿ ಹಾಕೋದೂ ಅದೇ ಜಾತಿಯ ತಪ್ಪು, ಅದನ್ನ ಊರಲ್ಲಿ ಇವತ್ತಿಗೂ ನೋಡ್ತೀನಿ.

ಎಂಸಿಬಿ ಮೇಲೆ ಬಿ16, ಸಿ20 ಅಂತೆಲ್ಲಾ ಬರೆದಿರುತ್ತೆ. ಅಂಕಿ ಆಂಪ್ಸು, ಅಕ್ಷರ ಹೇಳೋದು ದಿಢೀರ್ ಅಂತ ಬರೋ ಏಟಿಗೆ ಎಷ್ಟು ತಾಳ್ಮೆ ಇದೆ ಅಂತ. ಬಿ ಆದ್ರೆ ಮೂರರಿಂದ ಐದು ಪಟ್ಟಿಗೆ ಟ್ರಿಪ್ ಆಗಿಬಿಡುತ್ತೆ, ಸಿ ಐದರಿಂದ ಹತ್ತು ಪಟ್ಟು. ಹಳೇ ನಮೂನೆಯ, ಇನ್ವರ್ಟರ್ ಅಲ್ಲದ ಎಸಿಯ ಕಂಪ್ರೆಸರ್ ಶುರುವಾಗೋ ಕ್ಷಣ ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತೆ, ಲೈಟು ಒಂದ್ಸಲ ಮಂಕಾಗೋದು ಅದಕ್ಕೇ. ಅದಕ್ಕೆ ಎಸಿ ಲೈನಿಗೆ ಸಿ ಹಾಕೋದು. ಇನ್ವರ್ಟರ್ ಎಸಿ ನಿಧಾನಕ್ಕೆ ವೇಗ ಹೆಚ್ಚಿಸ್ಕೊಂಡು ಹೋಗೋದ್ರಿಂದ ಈ ಏಟು ಇಲ್ಲ, ಹಳೇ ಮನೆಗಳಿಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ, ಕರೆಂಟ್ ಬಿಲ್ ಉಳಿಯೋದು ಬೇರೆ ಮಾತು.

ಸರಿ, ಹಾಗಾದ್ರೆ ನಿಮ್ಮನೇಲಿ ಏನಿದೆ ಅಂತ ಹೇಗೆ ಗೊತ್ತಾಗುತ್ತೆ? ಏನೂ ಬಿಚ್ಚದೆ, ಟೆಸ್ಟರ್ ಕೂಡ ಮುಟ್ಟದೆ ಮಾಡಬಹುದಾದ ಒಂದು ಕೆಲಸ ಇದೆ. ಹಗಲೊತ್ತಲ್ಲಿ ಮನೆಯ ಎಲ್ಲಾ ಲೈಟು ಫ್ಯಾನು ಟಿವಿ ಹಾಕಿ, ಉಳಿದ ಪ್ಲಗ್ ಪಾಯಿಂಟುಗಳಿಗೂ ಏನಾದ್ರೂ ಒಂದು ಹಾಕಿ, ಎಸಿ ಹಾಕಬೇಕು ಅಂದ್ಕೊಂಡಿರೋ ಪಾಯಿಂಟಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ, ಡಿಬಿ ಹತ್ರ ಹೋಗಿ ಒಂದೊಂದೇ ಎಂಸಿಬಿ ಆಫ್ ಮಾಡ್ತಾ ಬನ್ನಿ. ಯಾವುದು ಆಫ್ ಮಾಡಿದಾಗ ಆ ಲ್ಯಾಂಪ್ ಆರುತ್ತೋ ಅದರ ಜೊತೆ ಇನ್ನೇನೇನು ಆರ್ತು ನೋಡಿ ಬರ್ಕೊಳ್ಳಿ. ಲ್ಯಾಂಪ್ ಒಂದೇ ಆರಿದ್ರೆ ಆ ಪಾಯಿಂಟಿಗೆ ಅಂತಲೇ ಲೈನ್ ಇದೆ, ಅರ್ಧ ಗೆದ್ದಂಗೆ. ಲ್ಯಾಂಪ್ ಜೊತೆ ಹಾಲಿನ ಟಿವಿ, ಪಕ್ಕದ ರೂಮಿನ ಫ್ಯಾನು, ಅಡುಗೆಮನೆ ಮಿಕ್ಸಿ ಪಾಯಿಂಟ್ ಎಲ್ಲಾ ಹೋದ್ರೆ ಅದು ಲೂಪ್ ಮಾಡಿದ್ದು, ಅದಕ್ಕೆ ಎಸಿ ಹಾಕೋ ಯೋಚನೆ ಅಲ್ಲಿಗೇ ಬಿಡಿ. ನಮ್ಮನೇಲಿ ಈ ಹತ್ತು ನಿಮಿಷದ ಕೆಲಸ ಮೊದಲೇ ಮಾಡಿದ್ದಿದ್ರೆ ಸಾಕಾಗಿತ್ತು.

ಆಮೇಲಿನದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಲೈಸೆನ್ಸ್ ಇರೋರು. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದ್ರೆ ವೈರಿನ ಮೈಮೇಲೇ ಅಳತೆ ಅಚ್ಚಾಗಿರುತ್ತೆ, 2.5 ಅಂತಲೋ 4 ಅಂತಲೋ, ಜೊತೆಗೆ ಐಎಸ್ 694 ಅನ್ನೋ ಗುರುತು. ತೀರಾ ಹಳೇ ವೈರಾದ್ರೆ ಹಳೇ ಮೇಸ್ತ್ರಿಗಳು 1/18, 3/22, 7/20 ಅಂತ ಹೇಳ್ತಾರೆ, ಮೊದಲನೇ ಅಂಕಿ ಎಷ್ಟು ಎಳೆ ಅಂತ, ಎರಡನೇದು ಪ್ರತಿ ಎಳೆಯ ಗೇಜ್. 3/22 ಅಂದ್ರೆ ಇವತ್ತಿನ ಲೆಕ್ಕಕ್ಕೆ ಸುಮಾರು 1.2 ಸ್ಕ್ವೇರ್ ಎಂಎಂ, 7/20 ಅಂದ್ರೆ ನಾಲ್ಕೂವರೆ ಹತ್ತಿರ. ಹಾಗಾಗಿ ಹಳೇ ಮನೇಲಿ 7/20 ಸಿಕ್ಕಿ ವೈರಿನ ಮೇಲಿನ ಕವರ್ ಇನ್ನೂ ಮೆತ್ತಗಿದ್ರೆ ಅದೃಷ್ಟ. ಬಗ್ಗಿಸಿದ್ರೆ ಪುಡಿಪುಡಿಯಾಗಿ ಉದುರಿದ್ರೆ ಎಷ್ಟು ದಪ್ಪ ಇದ್ರೂ ಉಪಯೋಗ ಇಲ್ಲ. ಇನ್ನು ಬೆಳ್ಳಗೆ ಕಂಡ್ರೆ ಅಲ್ಯೂಮಿನಿಯಂ ಇರಬಹುದು, ಅದೇ ಅಳತೆಯ ತಾಮ್ರಕ್ಕಿಂತ ಕಮ್ಮಿ ಕರೆಂಟ್ ಹೊರುತ್ತೆ, ಅದಕ್ಕೆ ತಾಮ್ರದ ವೈರು ನೇರ ತಿರುಚಿ ಟೇಪ್ ಸುತ್ತಿದ್ರೆ ಆ ಜಾಯಿಂಟ್ ಕಾಲಕ್ರಮೇಣ ಕಿಲುಬಿ ಸಡಿಲ ಆಗೋದು ಗ್ಯಾರಂಟಿ.

ಸಾಮಾನ್ಯವಾಗಿ ಒಂದು, ಒಂದೂವರೆ ಟನ್ ಎಸಿಗೆ ನಮ್ಮ ಕಡೆ ಹಾಕೋ ಪದ್ಧತಿ ಅಂದ್ರೆ ಡಿಬಿಯಿಂದ ನೇರ 4 ಸ್ಕ್ವೇರ್ ಎಂಎಂ ಫೇಸು, ಅಷ್ಟೇ ದಪ್ಪದ ನ್ಯೂಟ್ರಲ್ಲು, ಜೊತೆಗೆ ಅರ್ತ್ ವೈರು, ಮಧ್ಯ ಎಲ್ಲೂ ಜಾಯಿಂಟ್ ಇಲ್ಲದೆ, ಡಿಬಿಯಲ್ಲಿ ಅದಕ್ಕೇ ಒಂದು ಸಿ20 ಎಂಸಿಬಿ. ಲೇಬಲ್ ನೋಡಿ ಸಿ16 ಸಾಕು ಅಂದ್ರೆ ಅದು ಇನ್ನೂ ಒಳ್ಳೇದು. 2.5 ವೈರು ಬೇರೆ ಲೈನಾಗೇ ಬಂದಿದ್ದು, ಹೊಸದಾಗಿದ್ದು, ದಾರಿ ಚಿಕ್ಕದಿದ್ರೆ ಒಂದು ಟನ್ನಿನ ಇನ್ವರ್ಟರ್ ಎಸಿ ಅದರಲ್ಲಿ ನಡೆಯುತ್ತೆ, ಎಂಸಿಬಿ 16 ದಾಟಬಾರದು. ಒಂದೂವರೆ ವೈರಿಗೆ ಎಷ್ಟೇ ಲೆಕ್ಕ ಹಾಕಿ ತೋರಿಸಿದ್ರೂ ನಾನು ಒಪ್ಪಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಸಿ ಪಕ್ಕದಲ್ಲಿ ಗೋಡೆಗೆ ಎಸಿ ಬಾಕ್ಸ್ ಅಂತ ಒಂದು ಡಬ್ಬಿ ಹಾಕ್ತಾರೆ, ಅದರೊಳಗೇ ಒಂದು ಎಂಸಿಬಿ, ಒಂದು ಲೋಹದ ಸಾಕೆಟ್ಟು. ಅದು ಚೆನ್ನಾಗಿದೆ, ಸಾಕೆಟ್ ಪಿನ್ನನ್ನ ಬಿಗಿಯಾಗಿ ಹಿಡಿಯುತ್ತೆ, ಆದ್ರೆ ಅದು ಹಾಕಿದ್ವಿ ಅಂತ ಡಿಬಿಯಲ್ಲಿ ಇರೋ ಎಂಸಿಬಿ ಬಗ್ಗೆ ಮರೆತುಬಿಡ್ತಾರೆ. ವೈರು ಶುರುವಾಗೋದು ಡಿಬಿಯಿಂದ, ಮಧ್ಯದಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆದು ಶಾರ್ಟ್ ಆದ್ರೆ ಆ ತುದೀಲಿರೋ ಡಬ್ಬಿಯ ಎಂಸಿಬಿಗೆ ಅದು ಗೊತ್ತೇ ಆಗಲ್ಲ, ಯಾಕಂದ್ರೆ ಶಾರ್ಟ್ ಆದ ಕರೆಂಟು ಅಲ್ಲಿವರೆಗೂ ಹೋಗೋದೇ ಇಲ್ಲ. ಕಾವಲು ಬೇಕಿರೋದು ವೈರು ಹೊರಡೋ ಕಡೆ.

ಹೊಸ ವೈರು ಎಳೆಯೋಕೆ ಗೋಡೆ ಒಡೀಬೇಕಾ ಅಂತ ಎಲ್ಲರೂ ಹೆದರ್ತಾರೆ. ಎಷ್ಟೋ ಸಲ ಬೇಕಾಗಲ್ಲ, ಹಳೇ ಪೈಪಲ್ಲಿ ಜಾಗ ಇದ್ರೆ ಸ್ಪ್ರಿಂಗ್ ಬಿಟ್ಟು ಎಳೀತಾರೆ. ಪೈಪು ತುಂಬಿದ್ರೆ ಒತ್ತಾಯ ಮಾಡಿ ತುರುಕೋದು ಬೇಡ, ಎಳೆಯೋವಾಗ ಹಳೇ ವೈರುಗಳ ಮೈ ಸಿಪ್ಪೆ ಸುಲಿಯುತ್ತೆ. ಗೋಡೆ ಮೇಲೇ ಕೇಸಿಂಗ್ ಪಟ್ಟಿ ಹಾಕಿ ಎಳೆಸಿ, ನಾವು ಹಾಗೇ ಮಾಡಿದ್ದು. ಚಂದ ಕಾಣಲ್ಲ ಅಂತ ತಂಗಿ ಬೇಜಾರು ಮಾಡ್ಕೊಂಡ್ಲು, ನಾಲ್ಕು ದಿನಕ್ಕೆ ಯಾರ ಕಣ್ಣಿಗೂ ಬೀಳಲಿಲ್ಲ, ಮೇಲಾಗಿ ಗಾಳಿ ಆಡೋ ಜಾಗದಲ್ಲಿರೋ ವೈರು ಸೂರಿನೊಳಗಿನ ವೈರಿಗಿಂತ ತಣ್ಣಗಿರುತ್ತೆ. ಬಾಡಿಗೆ ಮನೆಯವರಿಗೂ ಇದೇ ಅನುಕೂಲ, ಓನರ್ ಹತ್ರ ಒಂದು ಮಾತು ಹೇಳಿ ಹಾಕಿಸಿ, ಬಿಡೋವಾಗ ಬಿಚ್ಚಿಕೊಂಡು ಹೋಗಬಹುದು.

ಕೆಲವರು ಗೀಸರ್ ಲೈನ್ ಇದೆಯಲ್ಲ ಅದರಿಂದಲೇ ತಗೋತೀವಿ ಅಂತಾರೆ. ಗೀಸರಿಗೆ ಬೇರೆ ಲೈನು, ದಪ್ಪ ವೈರು ಇರೋದು ನಿಜ. ಎರಡೂ ಒಟ್ಟಿಗೆ ಓಡಿದ್ರೆ 16-17 ಆಂಪ್ಸ್ ಆಗುತ್ತೆ, "ಒಟ್ಟಿಗೆ ಹಾಕಲ್ಲ ಬಿಡಿ" ಅನ್ನೋ ಮಾತು ಮನೇಲಿ ನಾಲ್ಕು ಜನ ಇದ್ರೆ ನಡೆಯಲ್ಲ. ಸೋಲಾರ್ ಇದ್ದು ಗೀಸರ್ ಮಳೆಗಾಲಕ್ಕೆ ಮಾತ್ರ ಅನ್ನೋ ಮನೆಯಾದ್ರೆ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಆ ಕಡೆ ಗೀಸರ್ ಈ ಕಡೆ ಎಸಿ, ಎರಡೂ ಒಟ್ಟಿಗೆ ಆಗೋಕೆ ಸಾಧ್ಯವೇ ಇರಬಾರದು. ಎಕ್ಸ್‌ಟೆನ್ಷನ್ ಬಾಕ್ಸು, ದೊಡ್ಡ ಪಿನ್ನನ್ನ ಸಣ್ಣ ಸಾಕೆಟ್ಟಿಗೆ ಹಾಕೋ ಕನ್ವರ್ಟರು, ಇವುಗಳ ಮೇಲೆ ಎಸಿ ಒಂದು ರಾತ್ರಿಗೂ ಬೇಡ. ಹಾಗೇ ಮನೆಯ ಯುಪಿಎಸ್ ಲೈನಿನಿಂದಲೂ ಬೇಡ.

ಈಗ ಡಿಬಿಯಿಂದ ಹಿಂದಕ್ಕೆ, ಮೀಟರ್ ಕಡೆಗೆ. ರೂಮಿಗೆ ಎಷ್ಟೇ ಚೆನ್ನಾಗಿ ವೈರು ಎಳೆದ್ರೂ ಮೀಟರಿಂದ ಡಿಬಿಗೆ ಬರೋ ವೈರು ಹಳೇದೇ ಆಗಿದ್ರೆ ಸಮಸ್ಯೆ ಜಾಗ ಬದಲಾಯಿಸಿತು ಅಷ್ಟೇ. ಕರೆಂಟ್ ಬಿಲ್ ತೆಗೆದು ನೋಡಿ, ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತೆ, ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ. ಹಳೇ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರೋದು ಮಾಮೂಲು. ಎಸಿ ಒಂದೂವರೆ, ಗೀಸರ್ ಎರಡು, ಒಂದು ಎಚ್‌ಪಿ ಪಂಪು ಮುಕ್ಕಾಲು, ಇಂಡಕ್ಷನ್ ಸ್ಟೌ ಇನ್ನೆರಡು, ಬೆಳಿಗ್ಗೆ ಆರೂವರೆಗೆ ಎಲ್ಲಾ ಒಟ್ಟಿಗೆ ಬಿದ್ರೆ ಆರು ಕಿಲೋವ್ಯಾಟ್ ದಾಟುತ್ತೆ, ಅಂದ್ರೆ 27 ಆಂಪ್ಸ್. ಈಗಿನ ಡಿಜಿಟಲ್ ಮೀಟರುಗಳು ಗರಿಷ್ಠ ಎಷ್ಟು ಎಳೆದ್ರಿ ಅಂತಲೂ ದಾಖಲು ಮಾಡ್ತವೆ, ಹಾಗಾಗಿ ಮುಚ್ಚಿಡೋಕೂ ಆಗಲ್ಲ. ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕಿದ್ರೆ ಫಿಕ್ಸೆಡ್ ಚಾರ್ಜ್ ಪ್ರತಿ ತಿಂಗಳು ಸ್ವಲ್ಪ ಜಾಸ್ತಿ ಬರುತ್ತೆ, ಅದು ಕೊಡೋದೇ ಸರಿ, ಯಾಕಂದ್ರೆ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದಿರಬೇಕು ಅಂತ ಅವರು ಲೆಕ್ಕ ಹಾಕೋದು ಈ ಮಂಜೂರಾದ ಲೋಡ್ ಇಟ್ಕೊಂಡೇ.

ತ್ರೀ ಫೇಸ್ ಇರೋ ಮನೆಗಳಲ್ಲಿ ಎಸಿಯನ್ನ ಕಡಿಮೆ ಲೋಡ್ ಇರೋ ಫೇಸಿಗೆ ಹಾಕಿಸಿ. ಅದರ ಜೊತೆ ಫೇಸ್ ಚೇಂಜರ್ ಸ್ವಿಚ್ ಬಗ್ಗೆ ಹೇಳಲೇಬೇಕು. ಬೇಸಿಗೇಲಿ ಎರಡು ಫೇಸ್ ಹೋಗಿ ಒಂದು ಉಳಿದಾಗ ಎಲ್ಲರೂ ಓಡಿ ಹೋಗಿ ಆ ಸ್ವಿಚ್ ತಿರುಗಿಸಿ ಇಡೀ ಮನೇನ ಉಳಿದ ಒಂದೇ ಫೇಸಿಗೆ ಹಾಕ್ತಾರೆ, ಅಕ್ಕಪಕ್ಕದ ಮನೆಯವರೂ ಅದನ್ನೇ ಮಾಡಿರ್ತಾರೆ. ಆಗ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಇನ್ವರ್ಟರ್ ಎಸಿ ಅಷ್ಟೇ ತಂಪು ಕೊಡೋಕೆ ಹೋಗಿ ವೋಲ್ಟ್ ಕಮ್ಮಿಯಾದಷ್ಟೂ ಆಂಪ್ಸ್ ಜಾಸ್ತಿ ಎಳೆಯುತ್ತೆ, 230ರಲ್ಲಿ 7 ಎಳೆದಿದ್ದು 180ರಲ್ಲಿ 9. ಫೇಸ್ ಚೇಂಜ್ ಮಾಡಿದ್ರೆ ಮೊದಲು ಎಸಿ ಆಫ್ ಮಾಡಿ, ಲೈಟು ಫ್ಯಾನಿಗೆ ಮಾತ್ರ ಅದು ಇಟ್ಕೊಳ್ಳಿ. ಮೀಟರ್ ಬೋರ್ಡಲ್ಲಿ ನ್ಯೂಟ್ರಲ್ ಸಡಿಲ ಇದ್ರಂತೂ ಇನ್ನೂ ಅಪಾಯ, ತ್ರೀ ಫೇಸ್ ಮನೇಲಿ ನ್ಯೂಟ್ರಲ್ ಕಟ್ ಆದ್ರೆ ಕೆಲವು ಪಾಯಿಂಟಿಗೆ 300 ದಾಟಿ ವೋಲ್ಟ್ ಬರುತ್ತೆ, ಎಸಿ ಬೋರ್ಡು, ಟಿವಿ, ಫ್ರಿಜ್ ಒಟ್ಟಿಗೆ ಹೋಗ್ತವೆ. ಲೈಟುಗಳಲ್ಲಿ ಕೆಲವು ತುಂಬಾ ಪ್ರಕಾಶ, ಕೆಲವು ಮಂಕು ಕಂಡ್ರೆ ಕಾಯದೆ ಮೇನ್ ಆಫ್ ಮಾಡಿ.

ಸ್ಟೆಬಿಲೈಜರ್ ಬೇಕಾ ಅಂದ್ರೆ, ಈಗಿನ ಬಹಳಷ್ಟು ಇನ್ವರ್ಟರ್ ಎಸಿಗಳು ಯಾವ ವೋಲ್ಟಿಂದ ಯಾವ ವೋಲ್ಟ್‌ವರೆಗೆ ತಡ್ಕೊಳ್ತವೆ ಅಂತ ಬರೆದಿರ್ತಾರೆ, ನಿಮ್ಮ ಊರಿನ ಏರಿಳಿತ ಅದರೊಳಗಿದ್ರೆ ಬೇಡ. ಸ್ಟೆಬಿಲೈಜರ್ ಎಸಿಯನ್ನ ಕಾಪಾಡುತ್ತೆ ಹೊರತು ವೈರನ್ನಲ್ಲ, ಇನ್‌ಪುಟ್ ಕಡೆ ವೋಲ್ಟ್ ಕಮ್ಮಿಯಾದ್ರೆ ಅದೂ ಜಾಸ್ತಿ ಆಂಪ್ಸ್ ಎಳೆದೇ ಆ ಕಡೆ ಸರಿ ಮಾಡೋದು.

ಅರ್ತಿಂಗ್ ವಿಷಯ ಕೊನೆಗೆ ಇಟ್ಟಿದೀನಿ ಅಂದ್ರೆ ಸಣ್ಣದು ಅಂತಲ್ಲ, ಜೀವಕ್ಕೆ ಸಂಬಂಧಪಟ್ಟಿದ್ದು ಅದೇ. ಔಟ್‌ಡೋರ್ ಯೂನಿಟ್ ತಗಡಿನ ಡಬ್ಬಿ, ಬಾಲ್ಕನೀಲಿ ಮಳೇಲಿ ನೆನೀತಿರುತ್ತೆ, ಪಕ್ಕದಲ್ಲೇ ಬಟ್ಟೆ ಒಣಗಿಸೋ ತಂತಿ ಇರುತ್ತೆ. ಒಳಗೆಲ್ಲೋ ಇನ್ಸುಲೇಷನ್ ಹೋಗಿ ಮೈಗೆ ಕರೆಂಟ್ ಬಂದ್ರೆ ಅದು ನೆಲಕ್ಕೆ ಹೋಗೋಕೆ ದಾರಿ ಬೇಕು, ಆ ದಾರಿ ಅರ್ತ್ ವೈರು, ಪ್ಲಗ್ಗಿನ ದಪ್ಪ ಪಿನ್ನು. ಆ ಪಿನ್ ಉಳಿದೆರಡಕ್ಕಿಂತ ಉದ್ದ ಇರೋದು ಸುಮ್ನೆ ಅಲ್ಲ, ಹಾಕೋವಾಗ ಮೊದಲು ಅರ್ತ್ ಸಿಗಲಿ, ಕೀಳೋವಾಗ ಕೊನೆಗೆ ಬಿಡಲಿ ಅಂತ. ಎಷ್ಟೋ ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ಟು ಇರುತ್ತೆ, ಹಿಂದೆ ಅರ್ತ್ ವೈರೇ ಇರಲ್ಲ. ಅದಕ್ಕಿಂತ ಕೆಟ್ಟದು ಅಂದ್ರೆ ಸಾಕೆಟ್ ಹಿಂದೆ ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಸೇರಿಸಿಬಿಟ್ಟಿರ್ತಾರೆ, ಟೆಸ್ಟ್ ಲ್ಯಾಂಪ್ ಉರಿಯುತ್ತೆ, ಎಲ್ಲಾ ಸರಿ ಅನ್ಸುತ್ತೆ, ಯಾವತ್ತೋ ಒಂದಿನ ನ್ಯೂಟ್ರಲ್ ಕಟ್ ಆದ್ರೆ ಎಸಿಯ ಇಡೀ ಮೈಗೆ ಕರೆಂಟ್. ನೆಲದಲ್ಲಿರೋ ಅರ್ತ್ ಗುಂಡಿ ಬೇಸಿಗೇಲಿ ಒಣಗಿದ್ರೆ ಕೆಲಸ ಸರಿಯಾಗಿ ಮಾಡಲ್ಲ, ಮೊದಲೆಲ್ಲಾ ಅಪ್ಪ ಅದಕ್ಕೆ ಒಂದು ಬಕೆಟ್ ನೀರು ಹಾಕ್ತಿದ್ರು, ಈಗ ಎಷ್ಟೋ ಮನೇಲಿ ಆ ಗುಂಡಿ ಮೇಲೆ ಟೈಲ್ಸ್ ಹಾಕಿ ಎಲ್ಲಿದೆ ಅಂತಲೇ ಗೊತ್ತಿಲ್ಲ. ಡಿಬಿಯಲ್ಲಿ 30 ಮಿಲಿಆಂಪ್ಸ್ ಆರ್‌ಸಿಸಿಬಿ ಒಂದು ಹಾಕಿಸಿ. ಹೋದ ಕರೆಂಟು ಪೂರ್ತಿ ವಾಪಸ್ ಬರ್ತಿದೆಯಾ ಅಂತ ಅದು ಸದಾ ಲೆಕ್ಕ ನೋಡ್ತಿರುತ್ತೆ, ಅಷ್ಟು ಸಣ್ಣ ವ್ಯತ್ಯಾಸ ಬಂದ್ರೂ ಕಣ್ಣು ಮಿಟುಕಿಸೋದ್ರೊಳಗೆ ಕಡಿದು ಹಾಕುತ್ತೆ. ಎಂಸಿಬಿ ಆ ಕೆಲಸ ಮಾಡಲ್ಲ, ಮನುಷ್ಯನ ಜೀವಕ್ಕೆ ಅಪಾಯ ಆಗೋಷ್ಟು ಕರೆಂಟು ಅದರ ಲೆಕ್ಕಕ್ಕೇ ಬರಲ್ಲ.

ಬಿಲ್ ಬಗ್ಗೆ ಚಿಕ್ಕದಾಗಿ. ರಾತ್ರಿ ಎಂಟು ಗಂಟೆ ಓಡಿ ಗಂಟೆಗೆ ಸರಾಸರಿ ಮುಕ್ಕಾಲು ಯೂನಿಟ್ ಅಂದ್ರೂ ದಿನಕ್ಕೆ 6, ತಿಂಗಳಿಗೆ 180. ಗೃಹಜ್ಯೋತಿಯಲ್ಲಿರೋ ಮನೆಯಾದ್ರೆ ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು, ಮನೆಯ ಉಳಿದ ಬಳಕೆ ಸೇರಿದ್ರೆ ಬೇಸಿಗೆ ತಿಂಗಳಲ್ಲಿ ಅದು ದಾಟೋದೇ. 2020ರಿಂದ ಸ್ಟಾರ್ ಲೇಬಲ್ ಇರೋ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಗೆ ನಿಲ್ಲೋ ಹಾಗೆ ಮಾಡಿರೋದು ಇದಕ್ಕೇ, ಅಲ್ಲೇ ಬಿಟ್ಟು ಜೊತೆಗೊಂದು ಫ್ಯಾನ್ ಹಾಕಿದ್ರೆ ಯೂನಿಟ್ಟೂ ಉಳಿಯುತ್ತೆ, ವೈರಿನ ಮೇಲಿನ ಭಾರನೂ ಇಳಿಯುತ್ತೆ.

ನಮ್ಮನೇಲಿ ಕೊನೆಗೆ ಹಾಕಿದ್ದು ಡಿಬಿಯಿಂದ ನೇರ ನಾಲ್ಕರ ವೈರು, ಸಿ16 ಎಂಸಿಬಿ, ಆರ್‌ಸಿಸಿಬಿ, ಎಸಿ ಬಾಕ್ಸು, ಹೊಸ ಅರ್ತ್ ಗುಂಡಿ. ವೈರು ಸುರುಳಿ ಲೆಕ್ಕದಲ್ಲಿ ತಗೊಳ್ಳೋ ಅಗತ್ಯ ಬರಲಿಲ್ಲ, ಅಂಗಡೀಲಿ ಮೀಟರ್ ಲೆಕ್ಕಕ್ಕೆ ಕತ್ತರಿಸಿ ಕೊಟ್ರು, ಎಲ್ಲಾ ಸೇರಿ ಎಸಿ ಬೆಲೆ ಮುಂದೆ ಸಣ್ಣ ಖರ್ಚು, ಒಂದು ದಿನದ ಕೆಲಸ. ಮುಗಿದ ಮೇಲೆ ಆ ಹಿರಿಯ ಎಲೆಕ್ಟ್ರಿಷಿಯನ್ ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಹಾಕಿ ತೋರಿಸಿದ್ರು, ಶುರುವಲ್ಲಿ 8.2 ಆಂಪ್ಸ್, ಒಂದು ಗಂಟೆ ಬಿಟ್ಟು 3.4. ಪ್ಲಗ್ಗಿನ ಮೇಲೆ ಕೈ ಹಿಂಭಾಗ ಇಟ್ಟು ನೋಡು ತಮ್ಮಾ ಅಂದ್ರು, ಉಗುರುಬೆಚ್ಚಗೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಹಾಗೆ ಮುಟ್ಟಿ ನೋಡಬೇಕು, ವರ್ಷಕ್ಕೊಮ್ಮೆ ಬೇಸಿಗೆ ಶುರುವಾಗೋ ಮುಂಚೆ ಮೇನ್ ಆಫ್ ಮಾಡಿಸಿ ಡಿಬಿ ಮತ್ತೆ ಸಾಕೆಟ್ಟಿನ ಸ್ಕ್ರೂಗಳನ್ನ ಬಿಗಿ ಮಾಡಿಸಬೇಕು ಅಂತ ಹೇಳಿ ಹೋದ್ರು. ಮುಟ್ಟಿ ನೋಡೋ ಕೆಲಸ ಈಗ ಅಮ್ಮ ವಹಿಸ್ಕೊಂಡಿದಾಳೆ, ಮೂರು ತಿಂಗಳು ಅನ್ನೋದನ್ನ ದಿನಾ ರಾತ್ರಿ ಮಲಗೋ ಮುಂಚೆ ಅಂತ ಬದಲಾಯಿಸ್ಕೊಂಡು.